ಚುಚ್ಚುಮದ್ದು ನಿಲ್ಲಿಸಿದ ಮೇಲೆ ತೂಕ ಏಕೆ ಮರಳುತ್ತದೆ?

ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಎಷ್ಟು ಕಿಲೋ ಇಳಿಯುತ್ತದೆ ಎಂದು. ಆಮೇಲೆ ಅಡ್ಡ ಪರಿಣಾಮಗಳ ವಿಚಾರ. ಎಷ್ಟು ಕಾಲ ತೆಗೆದುಕೊಳ್ಳಬೇಕು ಎಂಬ ಮಾತು ಬರುವುದು ಹಲವು ತಿಂಗಳು ಕಳೆದು, ಹಳೆಯ ಬಟ್ಟೆಗಳೆಲ್ಲ ಸಡಿಲವಾಗಿ, ‘ಇನ್ನು ಸಾಕಲ್ಲವೇ, ನಿಲ್ಲಿಸಬಹುದೇ’ ಎಂದು ಅನಿಸತೊಡಗಿದಾಗ. ಈ ಪ್ರಶ್ನೆಯನ್ನು ಮೊದಲ ಚುಚ್ಚುಮದ್ದಿಗೂ ಮುಂಚೆಯೇ ಕೇಳಬೇಕು ಎನ್ನುವುದು ನನ್ನ ವಾದ. ಹತ್ತು ದಿನ ನುಂಗಿ ಮುಗಿಸುವ ಆ್ಯಂಟಿಬಯೋಟಿಕ್ ಗುಳಿಗೆಯಂತೆ ಇದಕ್ಕೆ ‘ಕೋರ್ಸ್’ ಎಂಬುದಿಲ್ಲ. ಇದು ರಕ್ತದೊತ್ತಡದ ಮಾತ್ರೆಯ ಜಾತಿಗೆ ಸೇರಿದ ಔಷಧ. ತೆಗೆದುಕೊಳ್ಳುವಷ್ಟು ಕಾಲ ಕೆಲಸ ಮಾಡುತ್ತದೆ, ಬಿಟ್ಟರೆ ಅದರ ಕೆಲಸವೂ ನಿಲ್ಲುತ್ತದೆ.

ಇದನ್ನು ಸರಿಯಾಗಿ ತಿಳಿಯದ ಕಾರಣಕ್ಕೆ ಎಷ್ಟೋ ಜನ ಔಷಧ ಬಿಟ್ಟ ಮೇಲೆ ಏರಿದ ತೂಕವನ್ನು ಕಂಡು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಮನೆಯವರೂ ‘ಬಾಯಿ ಕಟ್ಟಲಿಲ್ಲ’ ಎಂದು ಒಂದು ಮಾತು ಸೇರಿಸುತ್ತಾರೆ. ನಿಜವಾಗಿ ಏನಾಗುತ್ತದೆ ಎಂಬುದನ್ನು ನೋಡಿದರೆ ಆ ಬೈಗುಳಕ್ಕೆ ಆಧಾರವೇ ಇಲ್ಲ ಎಂಬುದು ಗೊತ್ತಾಗುತ್ತದೆ.

ಔಷಧ ಮಾಡುವ ಕೆಲಸ

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದು ಇನ್ಸುಲಿನ್ ಸ್ರವಿಸಲು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುತ್ತದೆ, ಹೊಟ್ಟೆಯಲ್ಲಿರುವ ಆಹಾರ ನಿಧಾನವಾಗಿ ಕೆಳಗಿಳಿಯುವಂತೆ ಮಾಡುತ್ತದೆ, ಮಿದುಳಿಗೆ ‘ಇಷ್ಟು ಸಾಕು’ ಎಂಬ ಸುದ್ದಿ ಮುಟ್ಟಿಸುತ್ತದೆ. ಆದರೆ ದೇಹದಲ್ಲಿ ತಾನಾಗಿ ಹುಟ್ಟುವ ಈ ಹಾರ್ಮೋನಿನ ಆಯಸ್ಸು ಬಹಳ ಕಡಿಮೆ. ರಕ್ತಕ್ಕೆ ಸೇರಿದ ಎರಡೇ ನಿಮಿಷಗಳಲ್ಲಿ ಅದರ ಅರ್ಧ ಭಾಗವನ್ನು ಕಿಣ್ವವೊಂದು ಒಡೆದುಹಾಕುತ್ತದೆ.

ವಿಜ್ಞಾನಿಗಳು ಮಾಡಿದ್ದು ಇದೇ ಹಾರ್ಮೋನಿನ ಗಟ್ಟಿ ನಕಲುಗಳನ್ನು. ವೆಗೋವಿ, ಒಜೆಂಪಿಕ್ ಹೆಸರುಗಳಲ್ಲಿ ಸಿಗುವ ಸೆಮಾಗ್ಲುಟೈಡ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಮೌಂಜಾರೋ, ಜೆಪ್‌ಬೌಂಡ್ ಹೆಸರಿನ ಟಿರ್ಜೆಪಟೈಡ್‌ಗೆ ಸುಮಾರು ಐದು ದಿನ. ಟಿರ್ಜೆಪಟೈಡ್ ಜಿಎಲ್‌ಪಿ-1ರ ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ವಾರಕ್ಕೊಮ್ಮೆ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಚುಚ್ಚಿಕೊಂಡರೆ ಸಾಕಾಗುವುದು ಈ ದೀರ್ಘ ಆಯಸ್ಸಿನಿಂದ.

ತೂಕ ಇಳಿಯುವುದರಲ್ಲಿ ಹೊಟ್ಟೆಗಿಂತ ಮಿದುಳಿನ ಪಾತ್ರ ದೊಡ್ಡದು. ಔಷಧ ತೆಗೆದುಕೊಳ್ಳುವ ಅನೇಕರು ಹೇಳುವ ಒಂದು ಮಾತಿದೆ: ದಿನವಿಡೀ ತಲೆಯೊಳಗೆ ನಡೆಯುತ್ತಿದ್ದ ತಿಂಡಿಯ ಯೋಚನೆ ಥಟ್ಟನೆ ನಿಂತುಹೋಯಿತು ಎಂದು. ತಟ್ಟೆಯಲ್ಲಿ ಅರ್ಧ ಊಟ ಉಳಿದಿರುವಾಗಲೇ ಕೈ ತಾನಾಗಿ ನಿಲ್ಲುತ್ತದೆ. ಮೇಜಿನ ಮೇಲೆ ತೆರೆದಿಟ್ಟ ಬಿಸ್ಕತ್ತಿನ ಪೊಟ್ಟಣ ಸಂಜೆಯಾದರೂ ಹಾಗೆಯೇ ಇರುತ್ತದೆ. ಜೀವನಪೂರ್ತಿ ಮನೋಬಲ ಒಟ್ಟುಗೂಡಿಸಿ ಹೋರಾಡಿದವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ಹಸಿವಿನ ಕಾಟವೇ ಗೊತ್ತಿಲ್ಲದವರು ಊಹಿಸುವುದು ಕಷ್ಟ.

ದೇಹ ತನ್ನ ತೂಕವನ್ನು ಬಿಟ್ಟುಕೊಡುವುದಿಲ್ಲ

ಮೂಲ ಸಮಸ್ಯೆ ಇರುವುದು ಇಲ್ಲಿ. ಹೇಗೇ ತೂಕ ಇಳಿಸಿದರೂ, ಅದು ಪಥ್ಯದಿಂದಿರಲಿ, ಔಷಧದಿಂದಿರಲಿ, ದೇಹ ಅದನ್ನು ನಷ್ಟವೆಂದೇ ಪರಿಗಣಿಸುತ್ತದೆ. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ‘ದಾಸ್ತಾನು ಸಾಕಷ್ಟಿದೆ’ ಎಂದು ಮಿದುಳಿಗೆ ತಿಳಿಸುತ್ತಿರುತ್ತದೆ. ಕೊಬ್ಬು ಕರಗಿದಂತೆ ಲೆಪ್ಟಿನ್ ಕುಸಿಯುತ್ತದೆ. ಪಥ್ಯ ಮಾಡಿ ಇಳಿಸಿದವರಲ್ಲಿ ಹಸಿವನ್ನು ಕೆರಳಿಸುವ ಗ್ರೆಲಿನ್ ಏರುತ್ತದೆ. ಕುಳಿತಲ್ಲೇ ದೇಹ ಸುಡುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ.

ಇದು ನಾಲ್ಕಾರು ವಾರಗಳ ಗೊಂದಲವಾಗಿದ್ದರೆ ಚಿಂತೆಯಿರಲಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹತ್ತು ವಾರಗಳ ಕಠಿಣ ಪಥ್ಯದಿಂದ ತೂಕ ಇಳಿಸಿಕೊಂಡವರ ಹಸಿವಿನ ಹಾರ್ಮೋನುಗಳು ಒಂದು ವರ್ಷದ ನಂತರವೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ವರ್ಷ ಕಳೆದರೂ ಅವರಿಗೆ ಮೊದಲಿಗಿಂತ ಹೆಚ್ಚು ಹಸಿವಾಗುತ್ತಿತ್ತು. 2016ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು ಇದನ್ನು ಲೆಕ್ಕಕ್ಕಿಳಿಸಿದರು. ಇಳಿದ ಪ್ರತಿ ಕಿಲೋಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿಯಷ್ಟು ಕಡಿಮೆಯಾಗುತ್ತದೆ, ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚಾಗುತ್ತದೆ ಎಂಬುದು ಅವರ ಅಂದಾಜು. ಖರ್ಚು ಇಳಿಯುವುದಕ್ಕಿಂತ ಹಸಿವು ಏರುವುದೇ ಮೂರು ನಾಲ್ಕು ಪಟ್ಟು ದೊಡ್ಡ ಶಕ್ತಿ. ತೂಕ ಉಳಿಸಿಕೊಳ್ಳುವ ಹೋರಾಟದ ನಿಜವಾದ ಎದುರಾಳಿ ಇದು.

ಚುಚ್ಚುಮದ್ದು ಈ ಹಸಿವನ್ನು ಅದುಮಿ ಹಿಡಿದಿರುತ್ತದೆ, ಅಳಿಸಿಹಾಕುವುದಿಲ್ಲ. ಔಷಧ ಆರಂಭಿಸಿ ಒಂದು ವರ್ಷ, ಒಂದೂಕಾಲು ವರ್ಷದ ಹೊತ್ತಿಗೆ ತೂಕ ಇಳಿಯುವುದು ನಿಲ್ಲುವುದೂ ಇದೇ ಕಾರಣಕ್ಕೆ. ಒಂದು ಹಂತದಲ್ಲಿ ಔಷಧದ ಒತ್ತಡ ಮತ್ತು ದೇಹದ ಮರುಒತ್ತಡ ಸರಿಸಮವಾಗುತ್ತವೆ, ತೂಕದ ಮುಳ್ಳು ಅಲ್ಲೇ ನಿಲ್ಲುತ್ತದೆ. ಬಹಳ ಜನ ಆಗ ‘ಔಷಧ ಕೆಲಸ ಮಾಡುವುದನ್ನು ಬಿಟ್ಟಿತು’ ಎಂದುಕೊಂಡು ನಿಲ್ಲಿಸಿಬಿಡುತ್ತಾರೆ. ನನಗೆ ಅತ್ಯಂತ ಬೇಸರ ತರುವ ತಪ್ಪು ತಿಳಿವಳಿಕೆ ಇದು. ತೂಕ ಏರದೆ ನಿಂತಿದೆ ಎಂದರೆ ಔಷಧ ಪ್ರತಿದಿನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಇಳಿಸುವ ಕೆಲಸ ಮುಗಿದು ಕಾಯುವ ಕೆಲಸ ಆರಂಭವಾಗಿರುತ್ತದೆ.

ನಿಲ್ಲಿಸಿ ನೋಡಿದ ಪ್ರಯೋಗಗಳು

ಈ ವಿಷಯದಲ್ಲಿ ಊಹೆ ಬೇಕಾಗಿಲ್ಲ, ನೇರವಾಗಿ ಪರೀಕ್ಷಿಸಿದ್ದಾರೆ. ಸ್ಟೆಪ್-4 ಎಂಬ ಪ್ರಯೋಗದಲ್ಲಿ ಎಲ್ಲರಿಗೂ 20 ವಾರ ಸೆಮಾಗ್ಲುಟೈಡ್ ಕೊಟ್ಟರು. ಸರಾಸರಿ ತೂಕ ಶೇ 10.6ರಷ್ಟು ಇಳಿಯಿತು. ನಂತರ 803 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧ ಮುಂದುವರಿಸಿದರು, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಚುಚ್ಚುಮದ್ದು ಕೊಟ್ಟರು. ಯಾರಿಗೆ ಯಾವುದು ಎಂಬುದು ಅವರಿಗೂ ಗೊತ್ತಿರಲಿಲ್ಲ. ಎರಡೂ ಗುಂಪಿಗೆ ಆಹಾರ, ವ್ಯಾಯಾಮದ ಸಲಹೆ ಒಂದೇ ಆಗಿತ್ತು. ಮುಂದಿನ 48 ವಾರಗಳಲ್ಲಿ ಔಷಧ ಮುಂದುವರಿಸಿದವರ ತೂಕ ಇನ್ನೂ ಶೇ 7.9 ಇಳಿಯಿತು, ನಿಲ್ಲಿಸಿದವರದ್ದು ಶೇ 6.9 ಏರಿತು.

ಸ್ಟೆಪ್-1 ಪ್ರಯೋಗದ ಮುಂದುವರಿದ ಭಾಗ ಇನ್ನೂ ಸ್ಪಷ್ಟ. ಅದರಲ್ಲಿ 68 ವಾರಗಳ ನಂತರ ಔಷಧವನ್ನೂ ಜೀವನಶೈಲಿಯ ಮಾರ್ಗದರ್ಶನವನ್ನೂ ಒಟ್ಟಿಗೇ ನಿಲ್ಲಿಸಿ, ಒಂದು ವರ್ಷ ಗಮನಿಸಿದರು. ಸಂಖ್ಯೆಗಳನ್ನು ನೂರು ಕಿಲೋ ತೂಕದ ಒಬ್ಬ ವ್ಯಕ್ತಿಗೆ ಅನ್ವಯಿಸಿ ಹೇಳುವುದಾದರೆ, ಅವರು 83 ಕಿಲೋಗೆ ಇಳಿದರು, ವರ್ಷದ ಕೊನೆಗೆ 94ಕ್ಕೆ ಬಂದರು. ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿತು. ರಕ್ತದೊತ್ತಡದಲ್ಲಿ ಕಂಡಿದ್ದ ಸುಧಾರಣೆಯೂ ಬಹುಪಾಲು ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ನಿರಾಶರಾಗುವವರಿಗೆ ಒಂದು ಮಾತು: ಆ ಹಂತದಲ್ಲೂ ಸರಾಸರಿ ತೂಕ ಆರಂಭಕ್ಕಿಂತ ಶೇ 5.6ರಷ್ಟು ಕೆಳಗಿತ್ತು.

ಟಿರ್ಜೆಪಟೈಡ್‌ನ ಸರ್ಮೌಂಟ್-4 ಪ್ರಯೋಗದಲ್ಲೂ ಇದೇ ಕಥೆ. 36 ವಾರಗಳಲ್ಲಿ ಶೇ 20.9 ಇಳಿದಿತ್ತು. ನಿಲ್ಲಿಸಿದವರಲ್ಲಿ ಮುಂದಿನ ಒಂದು ವರ್ಷದಲ್ಲಿ ಶೇ 14 ಏರಿತು, ಮುಂದುವರಿಸಿದವರಲ್ಲಿ ಇನ್ನೂ ಶೇ 5.5 ಇಳಿಯಿತು. ಆದರೆ ಈ ಪ್ರಯೋಗದಲ್ಲಿ ಒಂದು ಸಣ್ಣ ವಿವರ ನನ್ನ ಗಮನ ಸೆಳೆಯುತ್ತದೆ. ನಿಲ್ಲಿಸಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು ತಾವು ಇಳಿಸಿದ್ದರ ಕನಿಷ್ಠ ಶೇ 80ರಷ್ಟನ್ನು ಉಳಿಸಿಕೊಂಡಿದ್ದರು. ಅಂದರೆ ಔಷಧವಿಲ್ಲದೆಯೂ ಕೆಲವರಿಗೆ ಇದು ಸಾಧ್ಯ. ಆದರೆ ಆ ಒಬ್ಬರು ತಾವೇ ಎಂದು ಮೊದಲೇ ನಂಬಿ ಯೋಜನೆ ಹಾಕುವುದು ಜಾಣತನವಲ್ಲ.

ನಿಲ್ಲಿಸಿದ ಮೇಲಿನ ವಾರಗಳು

ಕೊನೆಯ ಚುಚ್ಚುಮದ್ದಿನ ಮರುದಿನ ಏನೂ ಬದಲಾಗುವುದಿಲ್ಲ. ಸೆಮಾಗ್ಲುಟೈಡ್ ಎರಡು ವಾರ ತಪ್ಪಿಸಿದರೂ ಕೊನೆಯ ಪ್ರಮಾಣದ ಕಾಲು ಭಾಗ ರಕ್ತದಲ್ಲಿ ಉಳಿದಿರುತ್ತದೆ. ಪೂರ್ತಿ ಖಾಲಿಯಾಗಲು ಐದರಿಂದ ಏಳು ವಾರ ಬೇಕು. ಈ ಅವಧಿಯೇ ಮೋಸ ಮಾಡುವುದು. ಔಷಧ ಬಿಟ್ಟರೂ ಹಸಿವಿಲ್ಲ, ತೂಕವೂ ಏರಿಲ್ಲ, ಹಾಗಾದರೆ ದೇಹ ಹೊಸ ತೂಕಕ್ಕೆ ಒಗ್ಗಿಕೊಂಡಿದೆ ಎಂದು ಅನಿಸುತ್ತದೆ. ಎರಡನೇ ತಿಂಗಳ ಆಸುಪಾಸಿನಲ್ಲಿ ಊಟದ ನಂತರವೂ ಏನೋ ಬೇಕೆನಿಸತೊಡಗುತ್ತದೆ, ರಾತ್ರಿ ಅಡುಗೆಮನೆಯ ಕಡೆ ಕಾಲು ಎಳೆಯುತ್ತದೆ, ಮೊದಲಿನ ಅರ್ಧ ತಟ್ಟೆ ಸಾಲದಾಗುತ್ತದೆ. ಹೀಗೆ ಮರಳುವ ಹಸಿವು ಇಳಿದ ಕಿಲೋಗಳ ಲೆಕ್ಕಕ್ಕೆ ತಕ್ಕಂತೆ ಮೊದಲಿಗಿಂತ ಹೆಚ್ಚಾಗಿಯೇ ಇರುತ್ತದೆ. ತೂಕವನ್ನು ನೋಡಿಕೊಳ್ಳಬೇಕಾದದ್ದು, ವೈದ್ಯರ ಭೇಟಿ ನಿಗದಿಯಾಗಿರಬೇಕಾದದ್ದು ಈ ಹೊತ್ತಿಗೆ.

ಇನ್ನೊಂದು ಕಡೆಯೂ ಎಚ್ಚರ ಬೇಕು. ತೂಕ ಇಳಿದಾಗ ಅನೇಕರ ರಕ್ತದೊತ್ತಡದ ಅಥವಾ ಮಧುಮೇಹದ ಮಾತ್ರೆಗಳನ್ನು ವೈದ್ಯರು ಕಡಿಮೆ ಮಾಡಿರುತ್ತಾರೆ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಆ ಅಳತೆ ಸಾಲದೆ ಬರಬಹುದು. ತೂಕ ಕಣ್ಣಿಗೆ ಕಾಣುತ್ತದೆ, ಏರಿದ ರಕ್ತದೊತ್ತಡ ಕಾಣುವುದಿಲ್ಲ. ಚುಚ್ಚುಮದ್ದು ಬಿಟ್ಟ ವಿಷಯವನ್ನು ಉಳಿದ ಕಾಯಿಲೆಗಳನ್ನು ನೋಡುವ ವೈದ್ಯರಿಗೂ ಹೇಳಲೇಬೇಕು.

ವರ್ಷಗಟ್ಟಲೆ ತೆಗೆದುಕೊಂಡರೆ?

ಈ ಬಗೆಯ ಔಷಧಗಳು ನಿನ್ನೆ ಮೊನ್ನೆ ಬಂದವಲ್ಲ. ಮೊದಲನೆಯದಾದ ಎಕ್ಸೆನಟೈಡ್ ಅಮೆರಿಕದಲ್ಲಿ ಮಧುಮೇಹಕ್ಕೆ ಒಪ್ಪಿಗೆ ಪಡೆದದ್ದು 2005ರಲ್ಲಿ. ಸೆಮಾಗ್ಲುಟೈಡ್ ಮಧುಮೇಹಕ್ಕೆ 2017ರಲ್ಲಿ, ತೂಕ ಇಳಿಸಲು 2021ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ತೂಕಕ್ಕಾಗಿ ಕೊಡುವ ಹೆಚ್ಚಿನ ಪ್ರಮಾಣದ ಅನುಭವ ಇದಕ್ಕಿಂತ ಕಡಿಮೆ ವರ್ಷಗಳದ್ದು ಎಂಬುದು ನಿಜ. ಆದರೂ ಸೆಲೆಕ್ಟ್ ಎಂಬ ಬೃಹತ್ ಪ್ರಯೋಗ ನಮ್ಮ ಮುಂದಿದೆ. ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದು, ಮಧುಮೇಹವಿಲ್ಲದ, ತೂಕ ಹೆಚ್ಚಿದ್ದ 17,604 ಜನರನ್ನು ಸರಾಸರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಯಿತು. ಸೆಮಾಗ್ಲುಟೈಡ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇ 20ರಷ್ಟು ಕಡಿಮೆಯಾದವು. ನಾಲ್ಕು ವರ್ಷದ ಹೊತ್ತಿಗೂ ಅವರ ತೂಕ ಸರಾಸರಿ ಶೇ 10ರಷ್ಟು ಕೆಳಗೇ ಇತ್ತು. ಔಷಧದ ಶಕ್ತಿ ವರ್ಷಗಳೊಂದಿಗೆ ಕರಗಿಹೋಗುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಆಧಾರ.

ಅದೇ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ ಶೇ 16.6ರಷ್ಟು ಮಂದಿ ಅಡ್ಡ ಪರಿಣಾಮಗಳ ಕಾರಣ ಅದನ್ನು ಬಿಟ್ಟರು ಎಂಬುದನ್ನೂ ಹೇಳಬೇಕು. ಹುಸಿ ಚುಚ್ಚುಮದ್ದಿನವರಲ್ಲಿ ಈ ಪ್ರಮಾಣ ಶೇ 8.2. ಹೆಚ್ಚಿನ ತೊಂದರೆ ಹೊಟ್ಟೆಯದು: ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ. ಪ್ರಮಾಣ ಏರಿಸುವ ತಿಂಗಳುಗಳಲ್ಲಿ ಇವು ಜಾಸ್ತಿ, ಆಮೇಲೆ ಹೆಚ್ಚಿನವರಲ್ಲಿ ತಗ್ಗುತ್ತವೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ ಕಾಣಿಸಿಕೊಳ್ಳಬಹುದು. ಬೆನ್ನಿಗೆ ಹರಿಯುವ, ಬಿಡದೆ ಕಾಡುವ ಹೊಟ್ಟೆನೋವು ಬಂದರೆ ಮುಂದಿನ ಚುಚ್ಚುಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ದೃಷ್ಟಿ ಹಠಾತ್ತನೆ ಮಂದವಾದರೂ ಅಷ್ಟೇ. ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ಕುಟುಂಬದಲ್ಲಿ ಯಾರಿಗಾದರೂ ಬಂದಿದ್ದರೆ ಈ ಔಷಧ ಬೇಡ ಎಂಬ ಎಚ್ಚರಿಕೆ ಅಮೆರಿಕದಲ್ಲಿ ಔಷಧದ ಮಾಹಿತಿಪತ್ರದಲ್ಲೇ ಇದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡ ಗೆಡ್ಡೆಗಳ ಕಾರಣಕ್ಕೆ ಹಾಕಿದ ಎಚ್ಚರಿಕೆ ಅದು. ಅರಿವಳಿಕೆ ಬೇಕಾಗುವ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಈ ಔಷಧದ ವಿಷಯ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿದಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಸ್ಥೂಲಕಾಯದ ಚಿಕಿತ್ಸೆಗೆ ಈ ಔಷಧಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವಯಸ್ಕರಲ್ಲಿ ದೀರ್ಘಕಾಲ ಬಳಸಬಹುದು ಎಂದು ಅದು ಷರತ್ತಿನ ಮೇಲೆ ಶಿಫಾರಸು ಮಾಡಿದೆ. ಗರ್ಭಿಣಿಯರನ್ನು ಹೊರಗಿಟ್ಟಿದೆ. ಸ್ಥೂಲಕಾಯವನ್ನು ಮರುಕಳಿಸುವ ದೀರ್ಘಕಾಲೀನ ಕಾಯಿಲೆ ಎಂದು ನೋಡುವ ದೃಷ್ಟಿಯೇ ಆ ಮಾರ್ಗಸೂಚಿಯ ಬುನಾದಿ, ನಾನು ಇಷ್ಟು ಹೊತ್ತು ಹೇಳುತ್ತಿರುವುದೂ ಅದನ್ನೇ.

ಕರಗುವುದು ಕೊಬ್ಬು ಮಾತ್ರವಲ್ಲ

ಇಳಿದ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ದೇಹದ ರಚನೆಯನ್ನು ಸ್ಕ್ಯಾನ್ ಮಾಡಿ ಅಳೆದ ಅಧ್ಯಯನಗಳಲ್ಲಿ ಇಳಿದ ತೂಕದ ಕಾಲು ಭಾಗದಿಂದ ಶೇ 40ರವರೆಗೆ ಕೊಬ್ಬಲ್ಲದ ಭಾಗವಾಗಿತ್ತು. ಇದರಲ್ಲಿ ನೀರು ಮತ್ತು ಇತರ ಅಂಗಾಂಶಗಳೂ ಸೇರಿವೆ, ಎಲ್ಲವೂ ಸ್ನಾಯುವಲ್ಲ. ಪಥ್ಯದಿಂದ ಇಳಿಸಿದರೂ ಇಂಥ ನಷ್ಟ ಇದ್ದದ್ದೇ. ಆದರೆ ಔಷಧ ಬಿಟ್ಟಾಗ ಮರಳಿ ಬರುವ ತೂಕದಲ್ಲಿ ಕೊಬ್ಬಿನ ಪಾಲೇ ಹೆಚ್ಚಿರುವ ಅಪಾಯವಿದೆ. ಆರು ತಿಂಗಳು ತೆಗೆದುಕೊಂಡು, ಆರು ತಿಂಗಳು ಬಿಟ್ಟು, ಮತ್ತೆ ಹಿಡಿಯುವ ಪದ್ಧತಿ ನನಗೆ ಹಿಡಿಸದಿರುವುದು ಇದಕ್ಕೇ. ವಯಸ್ಸಾದವರಿಗೆ ಇದು ಇನ್ನೂ ಗಂಭೀರ. ತಕ್ಕಡಿಯ ಸಂಖ್ಯೆ ಇಳಿದರೂ ಕುರ್ಚಿಯಿಂದ ಕೈಯೂರದೆ ಏಳಲಾಗದಿದ್ದರೆ ಅದನ್ನು ಲಾಭ ಎನ್ನಲಾಗದು.

ವ್ಯಾಯಾಮದ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ. ತೂಕ ಇಳಿಸುವುದರಲ್ಲಿ ವ್ಯಾಯಾಮದ ಕೈ ಸಣ್ಣದು, ಇಳಿದದ್ದನ್ನು ಉಳಿಸುವುದರಲ್ಲಿ ದೊಡ್ಡದು. ಡೆನ್ಮಾರ್ಕ್‌ನಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಎಂಟು ವಾರಗಳ ಪಥ್ಯದಿಂದ ಸರಾಸರಿ 13 ಕಿಲೋ ಇಳಿಸಿಕೊಂಡ 195 ಜನರನ್ನು ನಾಲ್ಕು ಗುಂಪು ಮಾಡಿದರು: ವ್ಯಾಯಾಮ ಮಾತ್ರ, ಇದೇ ಬಗೆಯ ದಿನನಿತ್ಯದ ಚುಚ್ಚುಮದ್ದಾದ ಲಿರಾಗ್ಲುಟೈಡ್ ಮಾತ್ರ, ಎರಡೂ, ಎರಡೂ ಇಲ್ಲದವರು. ಒಂದು ವರ್ಷದ ನಂತರ ಎರಡೂ ಇದ್ದ ಗುಂಪು ಏನೂ ಇಲ್ಲದ ಗುಂಪಿಗಿಂತ 9.5 ಕಿಲೋ ಮುಂದಿತ್ತು. ಚಿಕಿತ್ಸೆಗಳೆಲ್ಲ ನಿಂತು ಇನ್ನೊಂದು ವರ್ಷ ಕಳೆದ ಮೇಲೆ ನೋಡಿದಾಗ, ಬರೀ ಔಷಧ ಪಡೆದಿದ್ದವರಿಗೆ ತೂಕ ಹೆಚ್ಚಾಗಿ ಮರಳಿತ್ತು, ವ್ಯಾಯಾಮವನ್ನೂ ರೂಢಿಸಿಕೊಂಡಿದ್ದವರು ಹೆಚ್ಚು ಉಳಿಸಿಕೊಂಡಿದ್ದರು. ಔಷಧ ಹೋದರೂ ರೂಢಿ ಸ್ವಲ್ಪಮಟ್ಟಿಗೆ ಉಳಿಯುತ್ತದೆ.

ಹಾಗಾಗಿ ಹಸಿವು ಅಡಗಿರುವ ತಿಂಗಳುಗಳನ್ನು ಬರೀ ಕಡಿಮೆ ತಿನ್ನುವುದಕ್ಕೆ ಬಳಸಿದರೆ ಸಾಲದು. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ಅಥವಾ ದೇಹದ ತೂಕವನ್ನೇ ಬಳಸುವ ವ್ಯಾಯಾಮ, ಉಳಿದ ದಿನ ಚುರುಕಾದ ನಡಿಗೆ. ವಾರಕ್ಕೆ 150 ನಿಮಿಷ ಕನಿಷ್ಠ. ಊಟ ಚಿಕ್ಕದಾಗಿರುವುದರಿಂದ ತಟ್ಟೆಯಲ್ಲಿ ಮೊದಲು ಪ್ರೋಟೀನ್ ಇರುವ ಪದಾರ್ಥವನ್ನು ತಿನ್ನುವುದು ಒಳ್ಳೆಯದು, ಆಮೇಲೆ ಉಳಿದದ್ದಕ್ಕೆ ಜಾಗವಿದ್ದರೆ ಸರಿ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಅಥವಾ ಸ್ವಲ್ಪ ಹೆಚ್ಚು ಎಂಬುದು ಸಾಮಾನ್ಯ ಸಲಹೆ. ಮೂತ್ರಪಿಂಡದ ತೊಂದರೆ ಇದ್ದವರು ಈ ಅಳತೆಯನ್ನು ವೈದ್ಯರಿಂದಲೇ ಪಡೆಯಬೇಕು.

ಕಡಿಮೆ ಮಾಡುವುದು, ನಿಲ್ಲಿಸುವುದು, ಮತ್ತೆ ಆರಂಭಿಸುವುದು

ಗುರಿ ಮುಟ್ಟಿದ ಮೇಲೆ ಗರಿಷ್ಠ ಪ್ರಮಾಣದಲ್ಲೇ ಇರಬೇಕೆಂಬ ಕಟ್ಟುನಿಟ್ಟಿಲ್ಲ. ಕೆಲವು ವೈದ್ಯರು ಒಂದೊಂದೇ ಮೆಟ್ಟಿಲು ಕೆಳಗಿಳಿಸಿ, ತೂಕ ಸ್ಥಿರವಾಗಿರುವ ಅತಿ ಕಡಿಮೆ ಪ್ರಮಾಣದಲ್ಲಿ ಔಷಧ ಮುಂದುವರಿಸುತ್ತಾರೆ. ಕೆಲವರು ಚುಚ್ಚುಮದ್ದಿನ ನಡುವಿನ ಅಂತರ ಹೆಚ್ಚಿಸುತ್ತಾರೆ. ನಿಲ್ಲಿಸಿ ನೋಡಿದ ಪ್ರಯೋಗಗಳಷ್ಟು ಗಟ್ಟಿ ಆಧಾರ ಈ ವಿಧಾನಗಳಿಗೆ ಇಲ್ಲ. ಆದರೆ ಥಟ್ಟನೆ ಪೂರ್ತಿ ನಿಲ್ಲಿಸುವುದಕ್ಕಿಂತ ಹೀಗೆ ಇಳಿಸುತ್ತಾ ಬರುವುದರಲ್ಲಿ ಒಂದು ಅನುಕೂಲವಿದೆ. ಹಸಿವು ಎಲ್ಲಿ ತಲೆಯೆತ್ತುತ್ತದೆ ಎಂಬುದು ತಿಳಿಯುತ್ತದೆ, ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಲು ಅವಕಾಶವಿರುತ್ತದೆ.

ನಿಲ್ಲಿಸಲೇಬೇಕಾದ ಸಂದರ್ಭಗಳೂ ಬರುತ್ತವೆ. ಗರ್ಭ ಧರಿಸುವ ಯೋಚನೆ ಇದ್ದರೆ ಸೆಮಾಗ್ಲುಟೈಡ್ ಅನ್ನು ಕನಿಷ್ಠ ಎರಡು ತಿಂಗಳು ಮೊದಲೇ ಬಿಡಬೇಕು. ಟಿರ್ಜೆಪಟೈಡ್ ತೆಗೆದುಕೊಳ್ಳುವ ಮಹಿಳೆಯರಲ್ಲಿ ಗರ್ಭನಿರೋಧಕ ಮಾತ್ರೆಯ ಪರಿಣಾಮ ತಗ್ಗಬಹುದು. ಅಂಥವರು ಔಷಧ ಆರಂಭಿಸಿದಾಗ ಮತ್ತು ಪ್ರಮಾಣ ಏರಿಸಿದಾಗಲೆಲ್ಲ ನಾಲ್ಕು ವಾರ ಬೇರೆ ವಿಧಾನ ಬಳಸಬೇಕೆಂಬ ಸೂಚನೆಯಿದೆ. ಹಣದ ತೊಂದರೆಯಿಂದ ಬಿಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ದುಡ್ಡು ಮುಗಿಯುವ ದಿನ ಕಾಣುತ್ತಿದ್ದರೆ, ಚುಚ್ಚುಮದ್ದಿನ ಕೊನೆಯ ಪೆನ್ ಖಾಲಿಯಾಗುವ ಮುನ್ನವೇ ವೈದ್ಯರೊಂದಿಗೆ ಮಾತಾಡುವುದು ಉತ್ತಮ. ಬೇರೆ ಔಷಧಕ್ಕೆ ಬದಲಾಯಿಸಬಹುದು, ಪ್ರಮಾಣ ಇಳಿಸಬಹುದು, ಇತರ ಮಾತ್ರೆಗಳನ್ನು ಸರಿಹೊಂದಿಸಬಹುದು.

ನಿಲ್ಲಿಸಿದವರು ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡಲಿ. ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆ ಆಗುವುದು ನೀರಿನ ಆಟ, ಅದಕ್ಕೆ ಹೆದರಬೇಕಿಲ್ಲ. ವಾರದಿಂದ ವಾರಕ್ಕೆ ಏರುತ್ತಲೇ ಹೋಗಿ ಮೂರು ನಾಲ್ಕು ಕಿಲೋ ಮೀರಿದರೆ ಮರಳಿ ವೈದ್ಯರ ಬಳಿಗೆ ಹೋಗುವ ಸಮಯ. ಹತ್ತು ಕಿಲೋ ಆಗುವವರೆಗೆ ನಾಚಿಕೆಯಿಂದ ಕಾಯುವವರೇ ಹೆಚ್ಚು, ದಯವಿಟ್ಟು ಹಾಗೆ ಮಾಡಬೇಡಿ.

ಮತ್ತೆ ಆರಂಭಿಸುವುದಾದರೆ ಮನೆಯಲ್ಲಿ ಉಳಿದಿರುವ ದೊಡ್ಡ ಪ್ರಮಾಣದ ಪೆನ್ ಎತ್ತಿಕೊಂಡು ನೇರವಾಗಿ ಚುಚ್ಚಿಕೊಳ್ಳಬಾರದು. ಒಂದು ಚುಚ್ಚುಮದ್ದು ತಪ್ಪಿದ್ದರೆ ಸಾಮಾನ್ಯವಾಗಿ ಅದೇ ಪ್ರಮಾಣದಲ್ಲಿ ಮುಂದುವರಿಯಬಹುದು. ಹಲವು ವಾರ ತಪ್ಪಿದ್ದರೆ ಹೊಟ್ಟೆಗೆ ಔಷಧದ ಅಭ್ಯಾಸ ಬಿಟ್ಟುಹೋಗಿರುತ್ತದೆ, ಸೆಮಾಗ್ಲುಟೈಡ್ 2.4 ಮಿಲಿಗ್ರಾಂ ಒಮ್ಮೆಲೇ ಹೋದರೆ ಬಿಡದ ವಾಂತಿಯಿಂದ ದೇಹ ನಿರ್ಜಲವಾಗಬಹುದು. ಆಗ ಮತ್ತೆ 0.25 ಮಿಲಿಗ್ರಾಂನಿಂದ ಹಿಡಿದು ನಾಲ್ಕು ವಾರಕ್ಕೊಂದು ಮೆಟ್ಟಿಲಿನಂತೆ ಏರಬೇಕಾಗಬಹುದು. ಎಲ್ಲಿಂದ ಆರಂಭಿಸಬೇಕೆಂಬುದು ಎಷ್ಟು ವಾರ ತಪ್ಪಿತು, ಮೊದಲ ಸಲ ಹೊಟ್ಟೆ ಹೇಗೆ ತಾಳಿಕೊಂಡಿತ್ತು ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಅದಕ್ಕಾಗಿ ಕೊನೆಯ ಚುಚ್ಚುಮದ್ದಿನ ದಿನಾಂಕ ಮತ್ತು ಪ್ರಮಾಣವನ್ನು ಬರೆದಿಟ್ಟುಕೊಂಡಿರಿ.